ಕೆಳದಿಯ ಚೆನ್ನಮ್ಮಾಜಿಯೂ ಆಕೆಯ ರಾಜಮೈತ್ರಿಗಳೂ

ಶ್ರೀಮಠದ ಸದ್ಭಕ್ತರಿಗೆ, ಅದರಲ್ಲಿಯೂ ಶಿವಮೊಗ್ಗೆ ಭದ್ರಾವತಿಗಳಲ್ಲಿ ನೆಲೆಸಿರುವ ಶಿಷ್ಯಸಮುದಾಯಕ್ಕೆ, ಕೆಳದಿಯ ಅರಸುಮನೆತನವು ಹೊಸದಾಗಿ ಪರಿಚಯಿಸಬೇಕಾದುದಲ್ಲ. ತುಂಗೆಯ ದಂಡೆಯ ಮೇಲಿರುವ ಅರಮನೆಯು ಇಂದಿಗೂ ಶಿವಪ್ಪನಾಯಕನ ಹೆಸರಿನಿಂದಲೇ ಕರೆಯಲ್ಪಡುವುದು. ಮಲೆನಾಡಿನ ಹಳೆಯ ಕಂದಾಯದ ಲೆಕ್ಕಗಳಲ್ಲಿ ಅವನು ವಿಧಿಸಿದ ಶಿಸ್ತು ನೂರಾರು ವರ್ಷಗಳವರೆಗೆ ಪ್ರಮಾಣವಾಗಿ ನಡೆದುಬಂದಿತು. ವೀರಶೈವ ಮತವನ್ನು ಅವಲಂಬಿಸಿ, ಮಠಗಳಿಗೂ ಜಂಗಮದಾಸೋಹಕ್ಕೂ ಭೂಮಿಯನ್ನು ಉಂಬಳಿ ಬಿಟ್ಟು, ಹಾಗೆಯೇ ಅನ್ಯಮತದ ದೇವಸ್ಥಾನಗಳಿಗೂ ಅಗ್ರಹಾರಗಳಿಗೂ ಕೈಬಿಚ್ಚಿ ದಾನಮಾಡಿದ ಈ ವಂಶವು 1500ರ ಸುಮಾರಿನಿಂದ 1763ರವರೆಗೆ, ಎಂದರೆ ಇನ್ನೂರ ಅರವತ್ತಕ್ಕಿಂತ ಹೆಚ್ಚು ವರ್ಷಗಳ ಕಾಲ, ರಾಜ್ಯವಾಳಿತು. ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ವಿಜಯನಗರ, ವಿಜಾಪುರ, ಗೋಲ್ಕೊಂಡಗಳು ಅದರ ಕಣ್ಣೆದುರಿನಲ್ಲಿಯೇ ಅಳಿದುಹೋದುವು. ಸಣ್ಣದಾದ ಈ ರಾಜ್ಯವು ಇಷ್ಟು ಕಾಲ ಉಳಿದುದು ಹೇಗೆ? ಮಲೆನಾಡಿನ ಕಾಡು ಬೆಟ್ಟಗಳು, ಆರು ತಿಂಗಳ ಮಳೆ, ಕವಲೇದುರ್ಗದಂತಹ ಗಿರಿದುರ್ಗಗಳು ಇವು ಕಾರಣವೆಂದು ಸಾಮಾನ್ಯವಾಗಿ ಹೇಳುವರು. ಇವೆಲ್ಲವೂ ದಿಟವೇ. ಆದರೆ ಯಾರೊಡನೆ ಸ್ನೇಹ, ಎಷ್ಟರ ಮಟ್ಟಿಗೆ ಸ್ನೇಹ, ಯಾವ ಬೆಲೆಗೆ ಸ್ನೇಹ ಎಂಬುದನ್ನು ತೂಗಿನೋಡುವ ವಿವೇಕವೂ ಇದಕ್ಕೊಂದು ಕಾರಣವು. ಆ ವಿವೇಕವು ಅತ್ಯಂತ ಕಠಿನವಾದ ಪರೀಕ್ಷೆಗೆ ಗುರಿಯಾದುದು ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ. ಆಕೆಯ ಚರಿತ್ರೆಯನ್ನು ಈ ದೃಷ್ಟಿಯಿಂದ ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಆಕೆಗೆ ಮೊದಲು ಆಗಿಹೋದ ಒಂದೆರಡು ಸಂಗತಿಗಳನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕೆಳದಿಯ ಸದಾಶಿವನಾಯಕನು ವಿಜಯನಗರದ ಅಳಿಯ ರಾಮರಾಯನ ಆಜ್ಞಾಧಾರಕನಾಗಿದ್ದು ಕೋಟೆಕೋಲಾಹಲನೆಂಬ ಬಿರುದನ್ನು ಪಡೆದವನು. ರಾಮರಾಯನಾದರೋ ದಖ್ಖಣದ ಸುಲ್ತಾನರಲ್ಲಿ ಇಂದು ಒಬ್ಬನೊಡನೆ, ನಾಳೆ ಮತ್ತೊಬ್ಬನೊಡನೆ ಕೂಡಿಕೊಂಡು, ಒಬ್ಬನಿಂದ ಇನ್ನೊಬ್ಬನನ್ನು ತಗ್ಗಿಸುವ ಆಟದಲ್ಲಿ ನಿಪುಣನಾಗಿದ್ದನು. ಇಪ್ಪತ್ತು ವರ್ಷಗಳ ಕಾಲ ಆ ಆಟವು ನಡೆಯಿತು. ಕೊನೆಗೆ ಅವನಿಂದ ಒಬ್ಬೊಬ್ಬರಾಗಿ ಪೆಟ್ಟು ತಿಂದವರೆಲ್ಲರೂ ಒಂದಾಗಿ 1565ರಲ್ಲಿ ಅವನ ಮೇಲೆ ಬಿದ್ದರು. ಅವನ ತಲೆಯೂ ಹೋಯಿತು, ರಾಜಧಾನಿಯೂ ಹಾಳಾಯಿತು. ಸ್ನೇಹವನ್ನು ಕೇವಲ ಆಯುಧವನ್ನಾಗಿ ಬಳಸಿದವನಿಗೆ ಆಪತ್ಕಾಲದಲ್ಲಿ ಸ್ನೇಹಿತನೊಬ್ಬನೂ ಉಳಿದಿರಲಿಲ್ಲ. 1637ರಲ್ಲಿ ವಿಜಾಪುರದ ಸೇನಾಪತಿ ರಣದುಲ್ಲಾಖಾನನು ಇಕ್ಕೇರಿಯನ್ನು ಸೂರೆಮಾಡಿದಾಗ ವೀರಭದ್ರನಾಯಕನಿಗೂ ಇದೇ ಅನುಭವವಾಯಿತು. ಅವನ ನೆರವಿಗೆ ಬರಬಲ್ಲವರು ಒಬ್ಬರೂ ಇರಲಿಲ್ಲ. ಅವನು ಹಣತೆತ್ತು ರಾಜ್ಯವನ್ನು ಉಳಿಸಿಕೊಂಡು, ರಾಜಧಾನಿಯನ್ನು ಘಟ್ಟದ ಅಂಚಿನ ಬಿದನೂರಿಗೆ ಸಾಗಿಸಿದನು. ಅವನ ಬಳಿಕ ಬಂದ ಶಿವಪ್ಪನಾಯಕನು, 1645ರಿಂದ 1660ರವರೆಗೆ, ಈ ರಾಜ್ಯವನ್ನು ಔನ್ನತ್ಯದ ಶಿಖರಕ್ಕೇರಿಸಿದನು. ಬಸರೂರು, ಗಂಗೊಳ್ಳಿ, ಹೊನ್ನಾವರ, ಮಂಗಳೂರುಗಳ ಕೋಟೆಗಳಿಂದ ಪೋರ್ತುಗೀಜರನ್ನು ಹೊರಡಿಸಿದುದಲ್ಲದೆ, ನೆಲೆಗೆಟ್ಟು ಅಲೆಯುತ್ತಿದ್ದ ವಿಜಯನಗರದ ಕಡೆಯ ಚಕ್ರವರ್ತಿ ಶ್ರೀರಂಗರಾಯನಿಗೆ ಆಶ್ರಯವಿತ್ತು, ಬೇಲೂರು ಹಾಸನಗಳ ಪ್ರಾಂತವನ್ನು ಅವನ ವಶಕ್ಕೆ ಕೊಟ್ಟು, ಅವನ ಹೆಸರಿನಲ್ಲಿಯೇ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೋದನು. ಆ ಮುತ್ತಿಗೆಯು ಫಲಿಸಲಿಲ್ಲ. ಆದರೂ ಬಿದ್ದವನನ್ನು ಎತ್ತಿ ನಿಲ್ಲಿಸುವುದು ಕೆಳದಿಯ ಮನೆತನದ ನಡೆಯೆಂಬುದು ಅಂದಿನಿಂದ ನಾಡಿಗೆಲ್ಲ ತಿಳಿಯಿತು. ಮೂವತ್ತು ವರ್ಷಗಳ ತರುವಾಯ ಅವನ ಸೊಸೆಯು ಮಾಡಿದ ಕಾರ್ಯಕ್ಕೆ ಇದು ಮೇಲ್ಪಂಕ್ತಿಯಾಯಿತು.

ಚೆನ್ನಮ್ಮಾಜಿಯು ಅರಸುಮಗಳಲ್ಲ. ಕೋಟೆಪುರದ ಸಿದ್ಧಪ್ಪಶೆಟ್ಟಿಯೆಂಬ ಲಿಂಗವಂತ ವರ್ತಕನ ಮಗಳು. ಶಿವಪ್ಪನಾಯಕನ ಕಿರಿಯ ಮಗನಾದ ಸೋಮಶೇಖರನಾಯಕನು 1663ರಲ್ಲಿ ಪಟ್ಟಕ್ಕೆ ಬಂದನು. ಕೆಳದಿಯ ರಾಮೇಶ್ವರ ದೇವರ ಜಾತ್ರೆಯಲ್ಲಿ ಈ ಕನ್ಯೆಯನ್ನು ಕಂಡು, ಹಿರಿಯರ ಸಮ್ಮತಿಯಿಂದ ಕೈಹಿಡಿದನೆಂದು ಪರಂಪರೆಯಾಗಿ ಹೇಳುತ್ತ ಬಂದಿರುವರು. ವರ್ತಕರ ಮನೆಯಲ್ಲಿ ಬೆಳೆದವಳಾದುದರಿಂದಲೇ ಲೆಕ್ಕವನ್ನೂ ಮನುಷ್ಯರನ್ನೂ ತೂಗುವುದನ್ನು ಕಲಿತಿದ್ದಳೋ ಏನೋ! ಮದುವೆಯಾದ ಕೆಲವು ವರ್ಷಗಳವರೆಗೆ ದಾಂಪತ್ಯವು ಸುಖವಾಗಿಯೇ ಸಾಗಿತು. ಆಮೇಲೆ ಸೋಮಶೇಖರನು ಕಲಾವತಿಯೆಂಬ ನರ್ತಕಿಯ ಮೋಹಕ್ಕೂ ಭರಮೆ ಮಾವುತನೆಂಬವನ ವಶಕ್ಕೂ ಸಿಕ್ಕಿ, ಅರಮನೆಯನ್ನು ತೊರೆದು, ದೇಹಾರೋಗ್ಯವನ್ನೂ ಚಿತ್ತಸ್ವಾಸ್ಥ್ಯವನ್ನೂ ಕಳೆದುಕೊಂಡನು. ಮಕ್ಕಳಿಲ್ಲ, ಅರಸನಿಗೆ ಬುದ್ಧಿಭ್ರಮಣೆ, ಮಂತ್ರಿಗಳಲ್ಲಿ ಮೂರು ಬಣ. ವಿಜಾಪುರದವರು ಇಂತಹ ಸಮಯವನ್ನೇ ಕಾಯುತ್ತಿದ್ದರು. ಅವರ ದೂತನು ಬಿದನೂರಿಗೆ ಬಂದನು, ಹಿಂದೆಯೇ ಸೈನ್ಯವೂ ಬಂದಿತು. ಈ ಗೊಂದಲದ ನಡುವೆ ಸೋಮಶೇಖರನಾಯಕನು ಕೊಲೆಯಾದನು. ಚೆನ್ನಮ್ಮಾಜಿಯು ಭಂಡಾರವನ್ನು ತೆಗೆದುಕೊಂಡು ಭುವನಗಿರಿದುರ್ಗಕ್ಕೆ, ಎಂದರೆ ಕವಲೇದುರ್ಗಕ್ಕೆ, ಸರಿದು, ಅಲ್ಲಿಯೇ ಸಾಮಂತರನ್ನು ಕೂಡಿಸಿ, 1672ರ ಸುಮಾರಿಗೆ ರಾಜ್ಯಭಾರವನ್ನು ಕೈಗೊಂಡಳು. ವೈರಿಗಳನ್ನು ಹಿಮ್ಮೆಟ್ಟಿಸಿ ಬಿದನೂರನ್ನು ಮತ್ತೆ ಸೇರಿದುದೂ, ಪತಿಯ ನಾಶಕ್ಕೆ ಕಾರಣರಾದವರನ್ನು ದಂಡಿಸಿದುದೂ, ಬಸವಪ್ಪನೆಂಬ ಬಾಲಕನನ್ನು ದತ್ತುಪಡೆದು ಅವನಿಗೆ ರಾಜವಿದ್ಯೆಯನ್ನು ಕಲಿಸಿದುದೂ ನಾಡಿನ ಕಥೆಗಳಲ್ಲಿ ವಿಸ್ತಾರವಾಗಿ ಬಂದಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ಕಥೆಗಳಲ್ಲಿ ಅಷ್ಟಾಗಿ ಬಾರದಿರುವ ಒಂದು ಸಂಗತಿಯನ್ನು ಮಾತ್ರ ಹೇಳಬೇಕು. ರಾಣಿಯು ಸಿಂಹಾಸನದ ಮೇಲೆ ಕುಳಿತರೂ ದಂಡಿನ ಬಲವು ಕೆಲಕಾಲ ಸೇನಾನಾಯಕ ತಿಮ್ಮಣ್ಣನ ಕೈಯಲ್ಲಿದ್ದಿತು. ಇಬ್ಬರಿಗೂ ವೈಮನಸ್ಯವುಂಟಾಗಿ, 1675ರಲ್ಲಿ ರಾಣಿಯು ಅವನೊಡನೆ ರಾಜಿ ಮಾಡಿಕೊಳ್ಳಬೇಕಾಯಿತು. ಆ ವರ್ಷವೇ ಆಕೆಯು ಮರಾಠರ ಶಿವಾಜಿಗೆ ಹೇಳಿಕಳುಹಿಸಿ, ವರ್ಷಕ್ಕೆ ಇಂತಿಷ್ಟೆಂದು ಕಾಣಿಕೆಯನ್ನು ಒಪ್ಪಿ, ಮರಾಠರ ನಿಯೋಗಿಯೊಬ್ಬನನ್ನು ಬಿದನೂರಿನ ಆಸ್ಥಾನದಲ್ಲಿರಿಸಿಕೊಳ್ಳಲು ಸಮ್ಮತಿಸಿ, ಅವನ ಬೆಂಬಲವನ್ನು ಪಡೆದಳು. ಇದೇ ಶಿವಾಜಿಯು ಹತ್ತು ವರ್ಷಗಳ ಹಿಂದೆ, 1665ರ ಫೆಬ್ರವರಿಯಲ್ಲಿ, ಹಡಗುಗಳಲ್ಲಿ ಬಂದು ಕೆಳದಿಯ ಐಶ್ವರ್ಯಕ್ಕೆ ಬಾಗಿಲಾಗಿದ್ದ ಬಸರೂರನ್ನು ಕೊಳ್ಳೆಹೊಡೆದಿದ್ದವನೆಂಬುದನ್ನು ವಾಚಕರು ಮರೆಯಬಾರದು. ಹಳೆಯ ಗಾಯವನ್ನು ನೆನೆದು ಹೊಸ ಆಸರೆಯನ್ನು ದೂಡುವಂತಹ ಹುಂಬತನವು ಆಕೆಯಲ್ಲಿರಲಿಲ್ಲ. 1675ರಲ್ಲಿ ಶಿವಾಜಿಯು ಕಾರವಾರ ಅಂಕೋಲೆಗಳನ್ನು ಹಿಡಿದು ಕೆಳದಿಯ ನೆರೆಯವನೇ ಆಗಿದ್ದನು. ನೆರೆಯಲ್ಲಿ ಬಲಿಷ್ಠನಾಗಿ ಬೆಳೆಯುವವನನ್ನು ಹಗೆಯಾಗಿಟ್ಟುಕೊಳ್ಳುವುದಕ್ಕಿಂತ ಕಾಣಿಕೆಯಿತ್ತು ನಂಟನನ್ನಾಗಿ ಮಾಡಿಕೊಳ್ಳುವುದು ಅಗ್ಗವೆಂದು ವರ್ತಕನ ಮಗಳು ಲೆಕ್ಕಹಾಕಿದಳು.

ಪಡುವಣ ಕಡಲ ಕಡೆಗೂ ಇಂತಹದೇ ವ್ಯವಸ್ಥೆಯನ್ನು ಮಾಡಬೇಕಾಗಿದ್ದಿತು. ಕೆಳದಿಯ ರಾಜ್ಯವು ಬದುಕಿದ್ದುದು ಘಟ್ಟದ ಮೇಲಿನ ಮೆಣಸಿನಿಂದಲೂ ಕೆಳಗಿನ ಅಕ್ಕಿಯಿಂದಲೂ. ಗೋವೆಯ ಪೋರ್ತುಗೀಜರು ಉಣ್ಣುತ್ತಿದ್ದುದೇ ಕನ್ನಡ ಕರಾವಳಿಯ ಅಕ್ಕಿಯನ್ನು. ಅವರ ಕೋಟೆಗಳನ್ನು ಶಿವಪ್ಪನಾಯಕನು ಕಿತ್ತುಕೊಂಡಿದ್ದರೂ ಕಡಲಿನ ಮೇಲಿನ ಹಡಗುಗಳನ್ನು ಕಿತ್ತುಕೊಳ್ಳುವುದು ಅವನಿಂದಲೂ ಆಗಿರಲಿಲ್ಲ. 1663ರಲ್ಲಿ ಕೊಚ್ಚಿಯನ್ನು ಗೆದ್ದ ಡಚ್ಚರು ಬಲಿತಂತೆಲ್ಲ ಪೋರ್ತುಗೀಜರು ತಗ್ಗಿದರು. ತಗ್ಗಿದವರೊಡನೆ ಮಾಡಿಕೊಳ್ಳುವ ಒಪ್ಪಂದವು ಲಾಭಕರವಾಗಿರುವುದು ಸಹಜವು. 1678ರಲ್ಲಿ ಗೋವೆಗೂ ಬಿದನೂರಿಗೂ ಒಂದು ಸಂಧಿಯಾಗಿ, ಪೋರ್ತುಗೀಜರಿಗೆ ಮಂಗಳೂರಿನಲ್ಲಿ ಕೋಠಿಯನ್ನಿಟ್ಟುಕೊಳ್ಳಲೂ, ಕರಾವಳಿಯ ಕೆಲವು ಊರುಗಳಲ್ಲಿ ಕ್ರೈಸ್ತರ ಇಗರ್ಜಿಗಳನ್ನು ಕಟ್ಟಿಕೊಳ್ಳಲೂ ಅವಕಾಶವಾಯಿತು; ಗೋವೆಗೆ ಅಕ್ಕಿಯು ಹೋಗುವುದೆಂದೂ, ಪೋರ್ತುಗೀಜರ ವೈರಿಗಳಾದ ಮಸ್ಕತ್ತಿನ ಅರಬರ ವ್ಯಾಪಾರಕ್ಕೆ ಎಡೆಯಿಲ್ಲವೆಂದೂ ನಿಶ್ಚಯವಾಯಿತು. ಲಿಂಗವಂತಳಾದ ರಾಣಿಯ ರಾಜ್ಯದಲ್ಲಿ ಇಗರ್ಜಿಗಳು ಏಳುವುದಕ್ಕೆ ಆಕ್ಷೇಪಣೆಯು ಬಾರದೆ ಹೋದುದು ಆ ಕಾಲದ ಔದಾರ್ಯಕ್ಕೆ ನಿದರ್ಶನವೆಂದು ನಾವು ಸಂತೋಷಪಡಬಹುದು.

ಆದರೆ ಈ ಸಂಧಿಯ ಕೊನೆಯ ಮಾತಿಗೆ ಬೆಲೆಯನ್ನು ತೆರಬೇಕಾಯಿತು. ಮಸ್ಕತ್ತಿನ ಅರಬರು 1650ರಲ್ಲಿ ತಮ್ಮ ಊರಿನಿಂದ ಪೋರ್ತುಗೀಜರನ್ನು ಓಡಿಸಿ, ಅಲ್ಲಿಂದೀಚೆಗೆ ಕಡಲಿನಲ್ಲಿ ಅವರನ್ನು ಅಟ್ಟಿಸಿಕೊಂಡು ಬರುತ್ತಿದ್ದರು. ತಮಗೆ ಬಾಗಿಲು ಮುಚ್ಚಿದುದರ ಸೇಡನ್ನು ಅವರು ತೀರಿಸಿಕೊಂಡುದು ಗೋವೆಯ ಮೇಲಲ್ಲ. 1695ರಲ್ಲಿ ಮಂಗಳೂರಿಗೆ ಬಂದು ಪಟ್ಟಣಕ್ಕೆ ಬೆಂಕಿಯಿಟ್ಟರು. ಮಿತ್ರನ ಶತ್ರುವು ತನಗೂ ಶತ್ರುವಾಗುವನೆಂಬುದು ಸಂಧಿಪತ್ರದಲ್ಲಿ ಬರೆಯದ ಕರಾರು. ಪರರ ಜಗಳದಲ್ಲಿ ಮಂಗಳೂರಿನ ವರ್ತಕರ ಮನೆಗಳು ಸುಟ್ಟುಹೋದುವು. ಚೆನ್ನಮ್ಮಾಜಿಯ ರಾಜನೀತಿಯನ್ನು ಹೊಗಳುವವರು ಈ ಸಂಗತಿಯನ್ನು ಬಿಟ್ಟು ಹೊಗಳುವುದುಂಟು. ಅದು ಸರಿಯಲ್ಲ. ಆಕೆಯ ಹಿರಿಮೆಯು ಇದನ್ನು ಹೇಳುವುದರಿಂದ ಕುಂದುವಷ್ಟು ಹಗುರವಾದುದಲ್ಲ.

ಇನ್ನು ಮುಖ್ಯವಾದ ಪ್ರಸಂಗಕ್ಕೆ ಬರೋಣ. 1686ರಲ್ಲಿ ವಿಜಾಪುರವೂ 1687ರಲ್ಲಿ ಗೋಲ್ಕೊಂಡವೂ ಔರಂಗಜೇಬನ ಪಾಲಾದುವು. ಈ ಎರಡು ರಾಜ್ಯಗಳು ಒಂದಕ್ಕೊಂದು ಆತುಕೊಂಡು ನಿಂತಿದ್ದರೆ ಏನಾಗುತ್ತಿದ್ದಿತೋ ಊಹಿಸುವುದು ಕಷ್ಟ. ಒಂದು ಬೀಳುವವರೆಗೂ ಇನ್ನೊಂದು ಮನಸ್ಸು ಗಟ್ಟಿಮಾಡಲಿಲ್ಲವೆಂಬುದು ಮಾತ್ರ ನಿಶ್ಚಯ. 1687ರಲ್ಲಿಯೇ ಮೊಗಲರ ದಂಡು ಕರ್ನಾಟಕದೊಳಕ್ಕೆ ನುಗ್ಗಿ ಶಿರೆಯನ್ನು ಹೊಸ ಸುಬೆಯ ಠಾಣ್ಯವನ್ನಾಗಿ ಮಾಡಿತು. ಆ ಸುಬೆಗೆ ಸೇರಿದ ಏಳು ಪರಗಣೆಗಳಲ್ಲಿ ಬಸವಾಪಟ್ಟಣವೂ ಒಂದು. ಇಂದು ಕಬ್ಬಿಣದ ಕಾರ್ಖಾನೆಯಿಂದ ಹೆಸರಾದ ಭದ್ರಾವತಿಯು ಆಗ ಬೆಂಕಿಪುರವೆನಿಸಿಕೊಂಡು, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವನ್ನು ನಡುವೆ ಇಟ್ಟುಕೊಂಡ ಚಿಕ್ಕ ಊರಾಗಿದ್ದಿತು. ಅಲ್ಲಿಂದ ಬಸವಾಪಟ್ಟಣಕ್ಕೆ ಎರಡು ದಿನದ ನಡಿಗೆ. ಕಾಬೂಲಿನಿಂದ ಹಬ್ಬಿದ ಸಾಮ್ರಾಜ್ಯದ ಅಂಚು ಹೀಗೆ ಭದ್ರೆಯ ಬಯಲಿನವರೆಗೆ ಬಂದು ಮುಟ್ಟಿದ್ದಿತು. ಮುಂದಿನ ಸರದಿಯು ಯಾರದೆಂದು ಬಿದನೂರಿನಲ್ಲಿ ಯಾರಿಗೂ ಹೇಳಬೇಕಾದ ಅಗತ್ಯವಿರಲಿಲ್ಲ.

1689ರ ಫೆಬ್ರವರಿಯಲ್ಲಿ ಶಿವಾಜಿಯ ಮಗನಾದ ಸಂಭಾಜಿಯು ಮೊಗಲರ ಕೈಗೆ ಸಿಕ್ಕಿ ಮಾರ್ಚಿಯಲ್ಲಿ ಘೋರವಾಗಿ ಕೊಲ್ಲಲ್ಪಟ್ಟನು. ಅವನ ತಮ್ಮನಾದ ರಾಜಾರಾಮನಿಗೆ ಆಗ ಹತ್ತೊಂಬತ್ತು ವರ್ಷ. ರಾಯಗಡವು ಮುತ್ತಿಗೆಗೆ ಒಳಗಾಗುತ್ತಲೇ ಅವನು ಅಲ್ಲಿಂದ ತಪ್ಪಿಸಿಕೊಂಡು ಪನ್ಹಾಳೆಯನ್ನು ಸೇರಿದನು, ಅಲ್ಲಿಯೂ ನಿಲ್ಲಲಾಗಲಿಲ್ಲ. ತಮಿಳುನಾಡಿನ ಜಿಂಜಿಯ ದುರ್ಗವು ಶಿವಾಜಿಯ ಕಾಲದಿಂದ ಮರಾಠರ ಕೈಯಲ್ಲಿದ್ದುದರಿಂದ, ಹೇಗಾದರೂ ಅಲ್ಲಿಗೆ ಹೋಗಿ ಸೇರಿದರೆ ಉಳಿಗಾಲವುಂಟೆಂದು ಸಚಿವರು ನಿಶ್ಚಯಿಸಿದರು. ಸೆಪ್ಟೆಂಬರು ತಿಂಗಳ ಕೊನೆಯ ಒಂದು ರಾತ್ರಿ ಅವನು ಪ್ರಹ್ಲಾದ ನಿರಾಜಿ, ಖಂಡೋ ಬಲ್ಲಾಳ ಮೊದಲಾದ ಆಪ್ತರೊಡನೆ ಪನ್ಹಾಳೆಯಿಂದ ಹೊರಟನು. ಅವರು ತೊಟ್ಟ ವೇಷವಾವುದು? ಲಿಂಗವಂತ ಯಾತ್ರಿಕರ ವೇಷ! ಕಪಿಲಧಾರೆಯಿಂದ ಶ್ರೀಶೈಲದವರೆಗೆ ಜಂಗಮರೂ ವರ್ತಕರೂ ಎಡೆಬಿಡದೆ ಸಂಚರಿಸುತ್ತಿದ್ದ ಈ ನಾಡಿನಲ್ಲಿ ಆ ವೇಷದವರನ್ನು ಯಾವ ಠಾಣ್ಯದವನೂ ತಡೆದು ಕೇಳಲಾರನೆಂದು ಅವರು ತಿಳಿದಿದ್ದರು. ನಮ್ಮ ವಿಭೂತಿ ಕಾವಿಗಳಿಗೆ ಅಂದು ದಾರಿಯುದ್ದಕ್ಕೂ ಇದ್ದ ಗೌರವಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಕಾಗಿಲ್ಲ.

ಗೋಕಾವಿ, ಸವದತ್ತಿ, ನವಲಗುಂದ, ಅಣ್ಣಿಗೇರಿ, ಲಕ್ಷ್ಮೇಶ್ವರ, ಹಾವೇರಿ, ಹಿರೇಕೆರೂರುಗಳನ್ನು ಹಾಯ್ದು ಅವರು ಶಿವಮೊಗ್ಗೆಯ ಸೀಮೆಗೆ ಬಂದರು. ಈ ಪಯಣವನ್ನು ಕುರಿತು ಕೇಶವಪಂಡಿತನೆಂಬವನು ರಾಜಾರಾಮಚರಿತವೆಂಬ ಸಂಸ್ಕೃತ ಕಾವ್ಯವನ್ನೇ ಬರೆದಿರುವನು. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸಂಗಮಿಸಿ ಒಂದೇ ನದಿಯಾಗಿ ಮುಂದೆ ಹರಿಯುವ ಈ ಸೀಮೆಯನ್ನು ದಾಟುವುದು ಸುಲಭವಾಗಿರಲಿಲ್ಲ. ವಿಜಾಪುರದಲ್ಲಿದ್ದ ಮೊಗಲ ಅಧಿಕಾರಿ ಅಬ್ದುಲ್ಲಾಖಾನನಿಗೆ ಸುಳಿವು ಹತ್ತಿ, ಅವನು ಹಗಲಿರುಳೂ ಬೆನ್ನಟ್ಟಿ, ತುಂಗಭದ್ರೆಯ ನಡುಗಡ್ಡೆಯೊಂದರಲ್ಲಿ ತಂಗಿದ್ದ ತಂಡವನ್ನು ರಾತ್ರಿಯ ವೇಳೆ ಸುತ್ತಿಕೊಂಡನು. ಅನೇಕ ಮರಾಠ ಸರದಾರರು ಸೆರೆಸಿಕ್ಕಿದರು. ರಾಜಾರಾಮನು ಕತ್ತಲೆಯಲ್ಲಿ ಹೇಗೋ ತಪ್ಪಿಸಿಕೊಂಡು ಚೆನ್ನಮ್ಮಾಜಿಯ ರಾಜ್ಯದೊಳಕ್ಕೆ ಸೇರಿ, ಆಕೆಯ ಮರೆಹೊಕ್ಕನು.

ಆ ಸಮಯದಲ್ಲಿ ರಾಣಿಯ ಮುಂದಿದ್ದ ಪ್ರಶ್ನೆಯು ಎಷ್ಟು ಭಾರವಾದುದೆಂಬುದನ್ನು ನಾವು ಮನಸ್ಸಿಗೆ ತಂದುಕೊಳ್ಳಬೇಕು. ಬಂದವನು ನೆಲೆಯಿಲ್ಲದ ತರುಣ. ಅವನ ಅಣ್ಣನು ಸತ್ತಿದ್ದಾನೆ, ರಾಜಧಾನಿಯು ಇಂದೋ ನಾಳೆಯೋ ಬೀಳಲಿದೆ, ಬೊಕ್ಕಸವಿಲ್ಲ, ದಂಡಿಲ್ಲ. ಅಟ್ಟಿಸಿಕೊಂಡು ಬರುತ್ತಿರುವವನು ಆ ಕಾಲದಲ್ಲಿ ಭೂಮಂಡಲದ ಅತಿದೊಡ್ಡ ಚಕ್ರವರ್ತಿಗಳಲ್ಲೊಬ್ಬ. ಹದಿನಾಲ್ಕು ವರ್ಷಗಳ ಹಿಂದೆ ಶಿವಾಜಿಯೊಡನೆ ಮಾಡಿಕೊಂಡ ಮಾತು ಶಿವಾಜಿಯೊಡನೆಯೇ ಹೋಯಿತೆಂದು ಹೇಳಿ ಕೈತೊಳೆದುಕೊಂಡಿದ್ದರೆ ಲೋಕವು ದೂಷಿಸುತ್ತಿರಲಿಲ್ಲ. ಆಸ್ಥಾನದ ಮಂತ್ರಿಗಳಲ್ಲಿ ಹಲವರು ಹಾಗೆಯೇ ಬುದ್ಧಿಹೇಳಿದರೆಂದೂ, ಮರೆಹೊಕ್ಕವನನ್ನು ಕಾಯುವುದು ಕೆಳದಿಯ ಕುಲಧರ್ಮವೆಂದು ರಾಣಿಯು ಅವರನ್ನು ಸುಮ್ಮನಾಗಿಸಿದಳೆಂದೂ ಈ ಸೀಮೆಯಲ್ಲಿ ಹೇಳುತ್ತ ಬಂದಿರುವರು. ಆಕೆಯು ಅವನನ್ನು ಬಚ್ಚಿಟ್ಟು ಉಪಚರಿಸಿ, ಬೆಂಗಾವಲನ್ನು ಕೊಟ್ಟು, ಗುಪ್ತವಾಗಿ ಮುಂದಕ್ಕೆ ಸಾಗಿಸಿದಳು. ಬೆಂಗಳೂರಿನಲ್ಲಿ ಸೇವಕರು ಒಬ್ಬ ಯಾತ್ರಿಕನ ಕಾಲನ್ನು ತೊಳೆಯುತ್ತಿದ್ದುದನ್ನು ಕಂಡವರಿಗೆ ಸಂಶಯ ಹುಟ್ಟಿ, ಖಂಡೋ ಬಲ್ಲಾಳ ಮುಂತಾದವರು ಹಿಡಿಯಲ್ಪಟ್ಟು ಚಿತ್ರಹಿಂಸೆಯನ್ನನುಭವಿಸಿದರೂ ಗುಟ್ಟನ್ನು ಬಿಡಲಿಲ್ಲ. ರಾಜಾರಾಮನು ನವೆಂಬರಿನಲ್ಲಿ ಜಿಂಜಿಯನ್ನು ಸೇರಿದನು.

ಪಾತುಶಹನ ಕೋಪವು ಬಿದನೂರಿನ ಕಡೆಗೆ ತಿರುಗಿತು. ರಾಜಾರಾಮನನ್ನು ಒಪ್ಪಿಸಬೇಕೆಂದು ಬಂದ ದೂತರಿಗೆ, ಅವನು ತನ್ನ ರಾಜ್ಯದಲ್ಲಿಲ್ಲವೆಂದು ರಾಣಿಯು ಉತ್ತರ ಕಳುಹಿಸಿದಳೆಂದು ಪ್ರತೀತಿಯಿದೆ. ಅಷ್ಟು ಹೊತ್ತಿಗೆ ಅದು ನಿಜವೂ ಆಗಿದ್ದಿತು. ಜಾನ್ ನಿಸಾರ್ ಖಾನನ ಕೈಕೆಳಗೆ ದೊಡ್ಡದೊಂದು ದಂಡು ಮಲೆನಾಡಿಗೆ ಬಂದು, ಮಾಧವಪುರ ಆನಂದಪುರಗಳ ಕೋಟೆಗಳನ್ನು ಹಿಡಿಯಿತು. ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಆನಂದಪುರವನ್ನು ಹಾಯ್ದುಹೋಗುವ ಭಕ್ತರು ಆ ನೆಲದ ಮೇಲೆ ನಡೆದುದೇನೆಂಬುದನ್ನು ಒಂದು ಗಳಿಗೆ ನಿಂತು ನೆನೆಯುವುದುಚಿತ. ಬಯಲುಸೀಮೆಯ ಕುದುರೆಸವಾರರಿಗೆ ಕೆಸರು, ಇಂಬಳ, ಕಾಡಿನ ಇಕ್ಕಟ್ಟಿನ ಹಾದಿ ಇವುಗಳ ಪರಿಚಯವಿರಲಿಲ್ಲ. ಕೆಳದಿಯ ಬಂಟರಿಗಾದರೋ ಅವು ಮನೆಯಂಗಳ. ಹಾಗಿದ್ದರೂ ಮೊಗಲರ ಸಂಖ್ಯಾಬಲದೆದುರಿಗೆ ಬಿದನೂರು ಒಂಟಿಯಾಗಿ ಎಷ್ಟು ದಿನ ನಿಲ್ಲಬಹುದಾಗಿದ್ದಿತೋ ಹೇಳಲಾಗದು. ಆಗ ಮರಾಠರ ಸೇನಾನಿ ಸಂತಾಜಿ ಘೋರ್ಪಡೆಯು ಮಿಂಚಿನಂತೆ ಬಂದು ಮೊಗಲರ ಮೇಲೆ ಬಿದ್ದನು. ತನ್ನ ಒಡೆಯನಿಗೆ ಅನ್ನವನ್ನೂ ದಾರಿಯನ್ನೂ ಕೊಟ್ಟ ರಾಣಿಯ ಋಣವನ್ನು ಅವನು ಖಡ್ಗದಿಂದ ತೀರಿಸಿದನು. ಮೊಗಲರು ರಾಣಿಯೊಡನೆ ಸಂಧಿಗೆ ಒಪ್ಪಿ ಹಿಂದಿರುಗಿದರು.

ಈ ಸಂಧಿಯ ವಿಷಯದಲ್ಲಿ ಒಂದು ಮಾತು. ನಮ್ಮ ಜನರು ಕಥೆ ಹೇಳುವಾಗ ಚೆನ್ನಮ್ಮಾಜಿಯು ಔರಂಗಜೇಬನನ್ನು ಸೋಲಿಸಿ ಓಡಿಸಿದಳೆಂದು ಮುಗಿಸುವರು. ಕೇಳಲು ಹಿತವಾಗಿರುವುದೇನೋ ಸರಿ. ನಡೆದ ಸಂಗತಿಯೆಂದರೆ, ರಾಣಿಯು ಅಲ್ಪಮೊತ್ತದ ದಂಡವನ್ನು ತೆರಲು ಒಪ್ಪಿದಳು. ರಾಜ್ಯವೂ ಸ್ವಾತಂತ್ರ್ಯವೂ ಉಳಿದುವು. ನನ್ನ ಅಭಿಪ್ರಾಯದಲ್ಲಿ ಇದು ಗೆಲವಿಗಿಂತ ಹೆಚ್ಚಿನದು. ವಿಜಾಪುರ ಗೋಲ್ಕೊಂಡಗಳ ಸುಲ್ತಾನರು ಸೆರೆಮನೆಯನ್ನು ಸೇರಿದ್ದರು. ಅವರ ಪಾಲಿಗೆ ದಂಡ ತೆತ್ತು ಮುಗಿಸುವ ಅವಕಾಶವು ಒದಗಲಿಲ್ಲ. ಹಣದಿಂದ ತೀರುವಲ್ಲಿ ರಕ್ತವನ್ನು ಸುರಿಸದಿರುವುದು, ಹಣದಿಂದ ತೀರದಲ್ಲಿ, ಎಂದರೆ ಮರೆಹೊಕ್ಕವನನ್ನು ಒಪ್ಪಿಸುವ ಮಾತಿನಲ್ಲಿ, ಒಂದು ಹೆಜ್ಜೆಯನ್ನೂ ಹಿಂದಿಡದಿರುವುದು, ಇವೆರಡನ್ನೂ ಆಕೆಯು ಒಟ್ಟಿಗೆ ಸಾಧಿಸಿದಳು.

ಆಶ್ರಯದಾನದಿಂದ ರಾಜ್ಯಕ್ಕೆ ಆದ ಲಾಭವು ಇಷ್ಟಕ್ಕೇ ನಿಲ್ಲಲಿಲ್ಲ. ಜಿಂಜಿಯಲ್ಲಿ ರಾಜಾರಾಮನು ನೆಲೆಯೂರಿದುದರಿಂದ ಔರಂಗಜೇಬನು ತನ್ನ ಉತ್ತಮ ಸೇನಾಪತಿಯಾದ ಜುಲ್ಫಿಕಾರ್ ಖಾನನನ್ನು ಅಲ್ಲಿಗೆ ಕಳುಹಿಸಬೇಕಾಯಿತು. 1690ರಲ್ಲಿ ಮೊದಲಾದ ಆ ಮುತ್ತಿಗೆಯು ಮುಗಿದುದು 1698ರ ಜನವರಿಯಲ್ಲಿ. ಸುಮಾರು ಏಳೂವರೆ ವರ್ಷಗಳ ಕಾಲ ಮೊಗಲರ ದಂಡೂ ಧಾನ್ಯವೂ ದ್ರವ್ಯವೂ ಆ ಒಂದು ದುರ್ಗದ ಬುಡದಲ್ಲಿ ಕರಗಿದುವು. ಕೋಟೆಯು ಬಿದ್ದಾಗಲೂ ರಾಜಾರಾಮನು ಕೈಗೆ ಸಿಕ್ಕಲಿಲ್ಲ. ಚೆನ್ನಮ್ಮಾಜಿಯ ಆಳಿಕೆಯ ಉಳಿದ ವರ್ಷಗಳೆಲ್ಲವೂ ಈ ಮುತ್ತಿಗೆಯ ವರ್ಷಗಳೇ. ಬಿದನೂರಿನ ಮೇಲೆ ಇನ್ನೊಂದು ದೊಡ್ಡ ದಂಡನ್ನು ಕಳುಹಿಸಲು ಪಾತುಶಹನಿಗೆ ಬಿಡುವೇ ದೊರೆಯಲಿಲ್ಲ. ಧರ್ಮಕ್ಕಾಗಿ ಮಾಡಿದ ಕಾರ್ಯವು ರಾಜನೀತಿಯ ಲೆಕ್ಕದಲ್ಲಿಯೂ ಸರಿಹೋಯಿತು. ಎರಡನ್ನೂ ಕಂಡುಕೊಂಡೇ ಆಕೆಯು ಮಾಡಿದಳೋ, ಒಂದನ್ನು ಮಾಡಲು ಹೋಗಿ ಇನ್ನೊಂದು ತಾನಾಗಿ ಬಂದಿತೋ, ಯಾರು ಬಲ್ಲರು! ಕೌತುಕದ ಮಾತೆಂದರೆ, ಅದೇ 1689ರಲ್ಲಿ ಯೂರೋಪಖಂಡದಲ್ಲಿ ಇಂಗ್ಲೆಂಡು, ಹಾಲೆಂಡು, ಜರ್ಮನಿಯ ಚಕ್ರವರ್ತಿ ಇವರು ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಅತಿಯಾಸೆಯನ್ನು ತಡೆಯಲು ಮಹಾಮೈತ್ರಿಯೊಂದನ್ನು ಕಟ್ಟಿಕೊಂಡರು. ಮತದಲ್ಲಿ ಭಿನ್ನರು, ವ್ಯಾಪಾರದಲ್ಲಿ ಸ್ಪರ್ಧಾಳುಗಳು, ಹಿಂದೆ ತಮ್ಮ ತಮ್ಮಲ್ಲಿಯೇ ಯುದ್ಧಮಾಡಿದವರು. ಎಲ್ಲರನ್ನೂ ನುಂಗಬಲ್ಲ ಒಬ್ಬನು ಬೆಳೆದಾಗ ಒಂದಾದರು. ತುಂಗೆಯ ತೀರದಲ್ಲಿ ನಡೆದುದೂ ಥೇಮ್ಸ್ ನದಿಯ ತೀರದಲ್ಲಿ ನಡೆದುದೂ ಮೂಲದಲ್ಲಿ ಒಂದೇ ಬಗೆಯ ಆಲೋಚನೆಯೇ ಸರಿ.

ಆದರೆ ಮರಾಠರ ಮೈತ್ರಿಯು ಎಲ್ಲ ದಿಕ್ಕಿಗೂ ಬೇಲಿಯಾಗಲಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು ಬೇರೊಂದು ದಾರಿಯನ್ನು ಹಿಡಿದಿದ್ದರು. ಅವರು ಮೊಗಲರೊಡನೆ ವಿರೋಧವನ್ನು ಕಟ್ಟಿಕೊಳ್ಳದೆ, ಅವರ ನೆರಳಿನಲ್ಲಿಯೇ ತಮ್ಮ ರಾಜ್ಯವನ್ನು ಬೆಳೆಸಿದರು. 1682ರಲ್ಲಿ ಸಂಭಾಜಿಯು ಮೈಸೂರಿನ ಮೇಲೆ ದಂಡೆತ್ತಿ ಬಂದಾಗ ಕೆಳದಿಯವರೂ ಅವನೊಡನೆ ಸೇರಿದ್ದರೆಂದು ಇತಿಹಾಸಕಾರರು ಬರೆದಿರುವರು. ಆ ಕೂಟಕ್ಕೆ ಜಯವಾಗಲಿಲ್ಲ. ಅದರ ಕಹಿಯು ಉಳಿದುಕೊಂಡಿತು. ಮೊಗಲರ ಗಲಭೆಯಲ್ಲಿ ಬಿದನೂರು ಬಳಲಿದ್ದ ಸಮಯವನ್ನು ನೋಡಿ, 1690ರಿಂದ ಮೈಸೂರಿನವರು ಕಡೂರು, ಬಾಣಾವರ, ಚಿಕ್ಕಮಗಳೂರು, ವಸ್ತಾರೆಗಳನ್ನು ತೆಗೆದುಕೊಂಡರು. 1694ರಲ್ಲಿ ಎರಡು ರಾಜ್ಯಗಳಿಗೂ ಸಂಧಿಯಾಗಿ ಕಾಳಗ ನಿಂತಿತು. ಹೋದ ಸೀಮೆಯಲ್ಲಿ ಬಹುಭಾಗವು ಮತ್ತೆ ಬರಲಿಲ್ಲ. ರಾಜಾರಾಮನಿಗಿತ್ತ ಆಶ್ರಯಕ್ಕೆ ಕೆಳದಿಯು ಕೊಟ್ಟ ನಿಜವಾದ ಬೆಲೆಯು ಔರಂಗಜೇಬನಿಗೆ ತೆತ್ತ ದಂಡವಲ್ಲ, ಪೂರ್ವದಿಕ್ಕಿನ ಈ ಬಯಲುಸೀಮೆ. ದೂರದ ಮಿತ್ರನು ದೂರದ ಶತ್ರುವನ್ನು ತಡೆದನು. ಹತ್ತಿರದ ನೆರೆಯವನನ್ನು ತಡೆಯಲು ಅವನು ಹತ್ತಿರವಿರಲಿಲ್ಲ. ಚಿಕ್ಕದೇವರಾಜ ಒಡೆಯರನ್ನು ಇದಕ್ಕಾಗಿ ಹಳಿಯಬೇಕಾದುದಿಲ್ಲ. ಅವರೂ ತಮ್ಮ ಪ್ರಜೆಗಳನ್ನು ಕಾಪಾಡುವ ದಾರಿಯನ್ನೇ ಹುಡುಕುತ್ತಿದ್ದರು.

ಇಷ್ಟು ಯುದ್ಧಸಂಧಿಗಳ ನಡುವೆಯೂ ರಾಣಿಯ ದಾನಧರ್ಮಗಳು ನಿಲ್ಲಲಿಲ್ಲ. ಮಠಗಳನ್ನು ಕಟ್ಟಿಸಿ ಜಂಗಮಾರಾಧನೆಗೆ ಉತ್ತಾರಗಳನ್ನು ಬಿಟ್ಟಳು. ಪತಿಯ ಹೆಸರಿನಲ್ಲಿ ಸೋಮಶೇಖರಪುರವೆಂಬ ಅಗ್ರಹಾರವನ್ನು ಸ್ಥಾಪಿಸಿ ಬ್ರಾಹ್ಮಣ ವಿದ್ವಾಂಸರಿಗೆ ಕೊಟ್ಟಳು. ಚೆನ್ನಗಿರಿಗೆ ಆ ಹೆಸರು ಬಂದುದು ಆಕೆಯಿಂದಲೇ ಎಂದು ಆ ಊರಿನವರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುವರು. ಕಾಲು ಶತಮಾನದ ರಾಜ್ಯಭಾರದ ಬಳಿಕ 1697ರಲ್ಲಿ ಆಕೆಯು ಲಿಂಗೈಕ್ಯಳಾದಳು. ಬಿದನೂರಿನ ಕೊಪ್ಪಲು ಮಠದಲ್ಲಿ ಆಕೆಯ ಸಮಾಧಿಯಿರುವುದು. ದತ್ತುಪುತ್ರನಾದ ಬಸವಪ್ಪನಾಯಕನು ತಾಯಿಯಿಂದ ಕಲಿತ ಶಾಂತಿಯ ಆಳಿಕೆಯನ್ನು ಮುಂದುವರಿಸಿ, 1709ರಲ್ಲಿ ಶಿವತತ್ತ್ವರತ್ನಾಕರವೆಂಬ ಸಕಲಶಾಸ್ತ್ರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದನು. ಅಂತಹ ಉದ್ಗ್ರಂಥವನ್ನು ಬರೆಯಲು ಅರಸನಿಗೆ ಬಿಡುವು ದೊರೆತುದೇ ತಾಯಿಯು ಬಿಟ್ಟುಹೋದ ಆಸ್ತಿಯು.

ಚೆನ್ನಮ್ಮಾಜಿಯ ತರುವಾಯ ಅರವತ್ತಾರು ವರ್ಷಗಳ ಕಾಲ ಬಿದನೂರು ಉಳಿಯಿತು. ಕಡೆಯಲ್ಲಿ ಆಳಿದವಳೂ ಒಬ್ಬ ರಾಣಿಯೇ. ವೀರಮ್ಮಾಜಿಯ ಕಾಲದಲ್ಲಿ, 1763ರಲ್ಲಿ, ಹೈದರಾಲಿಯು ಸೈನ್ಯದೊಡನೆ ಬಂದಾಗ ಆಕೆಯು ಎದುರುನೋಡಬಹುದಾಗಿದ್ದ ನೆರವು ಪುಣೆಯ ಮರಾಠರಿಂದ. ಅವರು ಎರಡು ವರ್ಷ ಮುಂಚೆ, 1761ರ ಜನವರಿಯಲ್ಲಿ, ಪಾಣಿಪತ್ತಿನಲ್ಲಿ ತಮ್ಮ ಬಲವನ್ನೆಲ್ಲ ಕಳೆದುಕೊಂಡಿದ್ದರು. ಯಾರೂ ಬರಲಿಲ್ಲ. ಬಿದನೂರು ಹೈದರನ ವಶವಾಗಿ ಹೈದರನಗರವೆನಿಸಿತು. ವೀರಮ್ಮಾಜಿಯನ್ನು ಮಧುಗಿರಿಯ ದುರ್ಗದಲ್ಲಿ ಸೆರೆಯಿಟ್ಟರು. 1767ರಲ್ಲಿ ಪೇಶ್ವೆ ಮಾಧವರಾಯನು ಮಧುಗಿರಿಯನ್ನು ಹಿಡಿದು ಆಕೆಯನ್ನು ಬಿಡಿಸಿ, ಗೌರವದಿಂದ ಪುಣೆಗೆ ಕರೆದೊಯ್ಯಲು ಏರ್ಪಡಿಸಿದನು. ರಾಣಿಯು ಪುಣೆಯನ್ನು ಕಾಣಲಿಲ್ಲ. ದಾರಿಯಲ್ಲಿಯೇ ದೇಹವನ್ನು ಬಿಟ್ಟಳು.